ಸಂವಿಧಾನದ ಹುಟ್ಟು, ಜನಸಮ್ಮತಿ ಮತ್ತು ಬಳ್ಳಾರಿ ಸೀಮೆ

ಒಂದು ರಾಷ್ಟ್ರವು ತನಗೆ ತಾನೇ ವಿಧಿಸಿಕೊಳ್ಳುವ ಮೂಲಶಾಸನಕ್ಕೆ ಅಧಿಕಾರವು ಎಲ್ಲಿಂದ ಒದಗುತ್ತದೆ, ಅದನ್ನು ರಚಿಸಿದವರ ಪಾಂಡಿತ್ಯದಿಂದಲೋ, ಅದಕ್ಕೆ ಅಂಕಿತ ಹಾಕಿದವರ ಪದವಿಯಿಂದಲೋ, ಅಥವಾ ಅದಕ್ಕೆ ಒಳಪಟ್ಟು ಬಾಳಬೇಕಾದ ಜನಸಾಮಾನ್ಯರ ಸಮ್ಮತಿಯಿಂದಲೋ ಎಂಬ ಪ್ರಶ್ನೆಯನ್ನು ಲೋಕದ ಹಲವು ದೇಶಗಳು ಹಲವು ರೀತಿಯಲ್ಲಿ ಬಿಡಿಸಿಕೊಂಡಿವೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂಡಿದ ಅಮೆರಿಕದ ಸಭೆಯು ತಾನು ಬರೆದುದನ್ನು ತಾನೇ ಜಾರಿಗೆ ತರದೆ, ಒಂದೊಂದು ಸಂಸ್ಥಾನದಲ್ಲಿಯೂ ಆ ಕಾರ್ಯಕ್ಕಾಗಿಯೇ ಚುನಾಯಿತವಾದ ಸಭೆಗಳ ಮುಂದಿಟ್ಟು, ಹದಿಮೂರರಲ್ಲಿ ಒಂಬತ್ತು ಸಂಸ್ಥಾನಗಳು ಒಪ್ಪಿದರೆ ಮಾತ್ರ ಒಪ್ಪಿದವರ ನಡುವೆ ಅದು ಊರ್ಜಿತವಾಗತಕ್ಕದ್ದೆಂದು ನಿಯಮಿಸಿತು; 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಗಿ ಒಪ್ಪಿದಾಗ ಆ ನಿಯಮ ಪೂರ್ಣವಾಯಿತು. ಐರ್ಲೆಂಡ್ 1937ರ ಜುಲೈ 1ರಂದು ತನ್ನ ಸಂವಿಧಾನವನ್ನು ಜನರ ನೇರ ಮತಕ್ಕೆ ಒಡ್ಡಿತು. ಫ್ರಾನ್ಸಿನ ಜನ 1946ರ ಮೇ ತಿಂಗಳಲ್ಲಿ ತಮ್ಮ ಮುಂದಿಟ್ಟ ಕರಡನ್ನು ತಳ್ಳಿಹಾಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದನ್ನು ಕೈಗೊಂಡರು. ಭಾರತವು ಈ ಯಾವ ಮಾರ್ಗವನ್ನೂ ಹಿಡಿಯಲಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ರಚನಾಸಭೆಯು ಭಾರತದ ಜನರ ಹೆಸರಿನಲ್ಲಿಯೇ ಸಂವಿಧಾನವನ್ನು ಅಂಗೀಕರಿಸಿ, ಶಾಸನವಾಗಿ ವಿಧಿಸಿಕೊಂಡಿತು. ಪ್ರಾಂತಗಳ ಶಾಸನಸಭೆಗಳ ಅನುಮೋದನೆಯನ್ನಾಗಲಿ, ಜನರ ನೇರ ಮತವನ್ನಾಗಲಿ ಅದು ಬೇಡಲಿಲ್ಲ.

ಹಾಗಾದರೆ ಜನರ ಸಮ್ಮತಿಯೆಂಬುದು ಪೀಠಿಕೆಯ ಅಲಂಕಾರ ಮಾತ್ರವೇ? ಈ ಆಕ್ಷೇಪವನ್ನು ಅಂದೇ ಎತ್ತಿದವರುಂಟು. ಅದನ್ನು ಲಘುವಾಗಿ ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ಆದರೆ ಸಮ್ಮತಿಯೆಂಬುದನ್ನು ಒಂದು ದಿನದ, ಒಂದು ಮತಪತ್ರದ ಕಾರ್ಯವೆಂದು ತಿಳಿಯುವುದರಲ್ಲಿಯೇ ಒಂದು ಸಂಕುಚಿತತೆಯಿದೆಯೆಂದು ನನ್ನ ಅಭಿಪ್ರಾಯ. ಜನರು ತಮಗೆ ಅತ್ಯಂತ ಆಪ್ತವೂ ಅತ್ಯಂತ ವಿವಾದಾಸ್ಪದವೂ ಆದ ಒಂದು ವಿಷಯವನ್ನು ಆ ಶಾಸನವು ತೋರಿಸಿದ ದಾರಿಯಲ್ಲಿ ಕೊಂಡೊಯ್ದು, ಅಲ್ಲಿ ದೊರೆತ ತೀರ್ಪಿನೊಡನೆ ಬಾಳಲು ಒಪ್ಪಿದಾಗ, ಆ ಶಾಸನ ಅವರದಾಗುತ್ತದೆ. ಇದು ಹೇಗೆ ನಡೆಯಿತೆಂಬುದನ್ನು ಕಾಣಬೇಕಾದರೆ ದಿಲ್ಲಿಯ ಸಭಾಭವನದಷ್ಟೇ ಗಡಿನಾಡಿನ ಸೀಮೆಗಳನ್ನೂ ನೋಡಬೇಕು. ಬಳ್ಳಾರಿ ನಗರ, ತುಂಗಭದ್ರೆಯ ದಡದ ಸಿರುಗುಪ್ಪ, ಬೆಟ್ಟಗಳ ನಡುವಿನ ಕುರುಗೋಡು ಇವುಗಳನ್ನೊಳಗೊಂಡ ಸೀಮೆಯು ಸಂವಿಧಾನ ಜಾರಿಗೆ ಬಂದ ಏಳು ವರ್ಷಗಳೊಳಗೆ ಅದರ ಮೂರನೆಯ ಅನುಚ್ಛೇದದ ಕಠಿನ ಪರೀಕ್ಷೆಗೆ ಎರಡು ಬಾರಿ ಗುರಿಯಾಯಿತು. ಆದಕಾರಣ ಈ ಸಮೀಕ್ಷೆಗೆ ಆ ಸೀಮೆಯನ್ನೇ ಆಧಾರವಾಗಿ ತೆಗೆದುಕೊಂಡಿದ್ದೇನೆ.

ಶಾಸನವೆಂಬುದು ಈ ನೆಲಕ್ಕೆ ಹೊಸದಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂ ಎಂಬ ಊರುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಪ್ರಿಯದರ್ಶಿಯೆಂಬ ಬಿರುದಿನ ಹಿಂದೆ ಅಡಗಿರುತ್ತಿದ್ದ ಆ ಚಕ್ರವರ್ತಿಯ ನಿಜನಾಮವು ಕಾಣಸಿಗುವ ಕೆಲವೇ ಸ್ಥಳಗಳಲ್ಲಿ ಇವೂ ಸೇರಿವೆ. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯವಾಕ್ಯ ಇವುಗಳನ್ನು ಬೋಧಿಸುವ ಆ ಆಜ್ಞೆಯು ರಾಜನಿಂದ ರಜ್ಜುಕನೆಂಬ ಅಧಿಕಾರಿಗೆ, ರಜ್ಜುಕನಿಂದ ಭೇರಿಯ ಘೋಷದೊಡನೆ ಜನಪದಕ್ಕೆ ಇಳಿದು ಬರುತ್ತಿತ್ತು. ಅದು ಎಷ್ಟೇ ಉದಾತ್ತವಾಗಿದ್ದರೂ ಜನರ ಪಾಲಿಗೆ ಉಳಿದದ್ದು ಕೇಳುವ ಕೆಲಸವೊಂದೇ. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿ ಕುರುಗೋಡಿನಿಂದ ಆಳಿದ ಸಿಂದರ ಕಾಲದಲ್ಲಿಯೂ, ವಿಜಯನಗರದ ಕಾಲದಲ್ಲಿಯೂ, ಅನಂತರದ ಪಾಳೆಯಗಾರರ ಕಾಲದಲ್ಲಿಯೂ ಈ ಸ್ಥಿತಿ ಮೂಲತಃ ಬದಲಾಗಲಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಕಂಪನಿಯ ಸೇನೆಯ ವೆಚ್ಚಕ್ಕಾಗಿ ಈ ಪ್ರದೇಶವನ್ನು ಕಡಪ ಮುಂತಾದವುಗಳೊಡನೆ ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಅದು ದತ್ತಮಂಡಲವೆನಿಸಿ ಥಾಮಸ್ ಮನ್ರೋನ ಆಡಳಿತಕ್ಕೆ ಸೇರಿದಾಗ, ತಾವು ಯಾರ ಪ್ರಜೆಗಳಾಗಲು ಇಷ್ಟಪಡುತ್ತೀರೆಂದು ಬಳ್ಳಾರಿಯ ರೈತರನ್ನಾಗಲಿ ವರ್ತಕರನ್ನಾಗಲಿ ಕೇಳಿದವರಿಲ್ಲ. ಇಬ್ಬರು ಅಧಿಪತಿಗಳ ನಡುವಣ ಕರಾರಿನಲ್ಲಿ ಸೀಮೆಯೊಂದು ಕೈ ಬದಲಾಯಿಸಿತು. 1953ರಲ್ಲಿ ಇದೇ ಸೀಮೆಯು ಮತ್ತೊಮ್ಮೆ ಕೈ ಬದಲಾಯಿಸಿದ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ನಡುವೆ ಏನು ಸಂಭವಿಸಿತೆಂಬುದರ ಮಹತ್ವ ತಿಳಿಯುತ್ತದೆ.

ಸಂಭವಿಸಿದ್ದು ಸಂವಿಧಾನ ರಚನಾಸಭೆ. ಬ್ರಿಟಿಷ್ ಸಚಿವ ನಿಯೋಗದ 1946ರ ಯೋಜನೆಯಂತೆ ಅದರ ಸದಸ್ಯಸ್ಥಾನಗಳು 389. ಹತ್ತು ಲಕ್ಷ ಜನಸಂಖ್ಯೆಗೆ ಸುಮಾರಾಗಿ ಒಂದರಂತೆ ಹಂಚಿದಾಗ ಮದ್ರಾಸ್ ಪ್ರಾಂತಕ್ಕೆ 49 ಸ್ಥಾನಗಳು ಬಂದವು. ಬಳ್ಳಾರಿ ಜಿಲ್ಲೆಯು ಆಗ ಮದ್ರಾಸಿಗೆ ಸೇರಿದ್ದಿತಾದುದರಿಂದ ಅದರ ಪ್ರಾತಿನಿಧ್ಯವೂ ಈ ನಲವತ್ತೊಂಬತ್ತರೊಳಗೇ ಅಡಗಿತ್ತು. ಇವರನ್ನು ಆರಿಸಿದವರು ಪ್ರಾಂತದ ಶಾಸನಸಭೆಯ ಸದಸ್ಯರು. ಆ ಸದಸ್ಯರನ್ನು ಆರಿಸಿದವರು 1935ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ಆಸ್ತಿ, ತೆರಿಗೆ, ವಿದ್ಯೆ ಮುಂತಾದ ಅರ್ಹತೆಗಳನ್ನು ಹೊಂದಿದ್ದ ಅಲ್ಪಸಂಖ್ಯೆಯ ಮತದಾರರು. ಸಿರುಗುಪ್ಪದ ಗದ್ದೆಯಲ್ಲಿ ದುಡಿಯುವ ಕೂಲಿಯವನಿಗೂ, ಕುರುಗೋಡಿನ ಅಕ್ಷರವರಿಯದ ಹೆಂಗಸಿಗೂ ಆ ಪಟ್ಟಿಯಲ್ಲಿ ಎಡೆಯಿರಲಿಲ್ಲ. ರಚನಾಸಭೆಯ ಜನಪ್ರಾತಿನಿಧ್ಯದಲ್ಲಿ ಈ ನ್ಯೂನತೆಯಿದ್ದುದು ನಿಜ. ಆದರೆ ಇಂಥ ಸಂಕುಚಿತ ಮತಾಧಿಕಾರದಿಂದ ಹುಟ್ಟಿದ ಸಭೆಯೇ ಮುಂದೆ ಯಾವ ಅರ್ಹತೆಯ ಅಡ್ಡಗೋಡೆಯೂ ಇಲ್ಲದೆ ಎಲ್ಲ ವಯಸ್ಕರಿಗೂ ಮತಾಧಿಕಾರವನ್ನು ಕೊಟ್ಟಿತೆಂಬುದೂ ಅಷ್ಟೇ ನಿಜ. ಅಧಿಕಾರವನ್ನು ಪಡೆದವರು ಅದನ್ನು ತಮ್ಮಂಥವರಲ್ಲಿಯೇ ಉಳಿಸಿಕೊಳ್ಳದೆ ಹೀಗೆ ಹಂಚಿಬಿಟ್ಟ ನಿದರ್ಶನಗಳು ಚರಿತ್ರೆಯಲ್ಲಿ ವಿರಳ.

ಸಭೆಯು 1946ರ ಡಿಸೆಂಬರ್ 9ರಂದು ಮೊದಲು ಸೇರಿತು. ಸಚ್ಚಿದಾನಂದ ಸಿನ್ಹಾ ತಾತ್ಕಾಲಿಕ ಅಧ್ಯಕ್ಷರಾಗಿದ್ದು, ಎರಡು ದಿನಗಳ ತರುವಾಯ ರಾಜೇಂದ್ರ ಪ್ರಸಾದರು ಅಧ್ಯಕ್ಷಸ್ಥಾನಕ್ಕೆ ಆಯ್ಕೆಯಾದರು. ಡಿಸೆಂಬರ್ 13ರಂದು ಜವಾಹರಲಾಲ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯವು 1947ರ ಜನವರಿ 22ರಂದು ಅಂಗೀಕೃತವಾಯಿತು. ಮುಸ್ಲಿಂ ಲೀಗಿನ ಬಹಿಷ್ಕಾರ, ದೇಶವಿಭಜನೆ, ಸಂಸ್ಥಾನಗಳ ಸೇರ್ಪಡೆ ಇವುಗಳ ನಡುವೆಯೇ ಕೆಲಸ ಸಾಗಬೇಕಾಗಿತ್ತು. 1947ರ ಆಗಸ್ಟ್ 29ರಂದು ನೇಮಕವಾದ ಕರಡು ಸಮಿತಿಗೆ ಡಾ. ಅಂಬೇಡ್ಕರರು ಅಧ್ಯಕ್ಷರಾದರು. ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 243 ಅನುಚ್ಛೇದಗಳ ಒಂದು ಪ್ರಥಮ ಕರಡನ್ನು ಸಿದ್ಧಪಡಿಸಿಕೊಟ್ಟಿದ್ದರು. ಸಮಿತಿಯು ಅದನ್ನು ತಿದ್ದಿ, ಬೆಳೆಸಿ, 1948ರ ಫೆಬ್ರವರಿಯಲ್ಲಿ 315 ಅನುಚ್ಛೇದಗಳ ಕರಡನ್ನು ಒಪ್ಪಿಸಿತು. ಕಡೆಗೆ ಉಳಿದದ್ದು 395 ಅನುಚ್ಛೇದಗಳು, 8 ಅನುಸೂಚಿಗಳು. ಸೂಚಿತವಾದ ತಿದ್ದುಪಡಿಗಳು 7,635. ಸಭೆಯಲ್ಲಿ ಮಂಡಿತವಾದವು 2,473. ಕರಡು ಪ್ರಕಟವಾದ ಮೇಲೆ ಎಂಟು ತಿಂಗಳ ಕಾಲ ಅದು ಸಾರ್ವಜನಿಕರ ಮುಂದಿದ್ದಿತೆಂದು ಅಂಬೇಡ್ಕರರು ಸಭೆಗೆ ನೆನಪಿಸಿದ್ದರು. ನೇರ ಮತಕ್ಕೆ ಇದು ಸಮಾನವಲ್ಲದಿದ್ದರೂ, ಮುಚ್ಚಿದ ಕೋಣೆಯ ಕಾರ್ಯವೂ ಇದಲ್ಲ.

ಈ ಕಾರ್ಯದಲ್ಲಿ ಕನ್ನಡನಾಡಿನ ಪಾಲನ್ನು ನಾವು ಇನ್ನೂ ತಕ್ಕಷ್ಟು ಸ್ಮರಿಸಿಕೊಂಡಿಲ್ಲ. ನರಸಿಂಗ ರಾಯರು ಮಂಗಳೂರಿನ ಕಡೆಯ ಬೆನಗಲ್ ಮನೆತನದವರು. ಅವರ ತಮ್ಮಂದಿರಾದ ಪತ್ರಕರ್ತ ಬಿ. ಶಿವರಾಯರು ಮದ್ರಾಸ್ ಪ್ರಾಂತದಿಂದ ಸಭೆಯ ಸದಸ್ಯರಾಗಿದ್ದು, ಮುಂದೆ ಸಂವಿಧಾನರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಪ್ರಕಟಿಸಿ ವಿದ್ಯಾರ್ಥಿಗಳ ಕೃತಜ್ಞತೆಗೆ ಪಾತ್ರರಾದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಬಿ. ಎಲ್. ಮಿತ್ತರರ ಸ್ಥಾನದಲ್ಲಿ ಕರಡು ಸಮಿತಿಗೆ ಬಂದರು. ಮುಂಬಯಿ ಪ್ರಾಂತದಿಂದ ಆರಿಸಿ ಬಂದ ಕನ್ನಡಿಗರಲ್ಲಿ ಇಬ್ಬರು ಬಳ್ಳಾರಿಗೆ ವಿಶೇಷವಾಗಿ ಸಂಬಂಧಪಟ್ಟವರು. ಒಬ್ಬರು ರಂಗನಾಥ ದಿವಾಕರರು. 1938ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದವರು ಅವರೇ. ಇನ್ನೊಬ್ಬರು ಎಸ್. ನಿಜಲಿಂಗಪ್ಪನವರು, ಅವರು 1902ರಲ್ಲಿ ಹುಟ್ಟಿದ ಹಲವಾಗಲು ಗ್ರಾಮವು ಅಂದಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನದು. ಮೈಸೂರಿನ ಪ್ರತಿನಿಧಿಗಳ ಪೈಕಿ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರಿನ ಚರ್ಚೆಯಲ್ಲಿ ತಮ್ಮ ಅತೃಪ್ತಿಯನ್ನು ಮುಚ್ಚಿಡಲಿಲ್ಲ. ವೀಣೆಯ ನಾದವನ್ನು ಬಯಸಿದ್ದ ತಮಗೆ ಇಂಗ್ಲಿಷ್ ವಾದ್ಯಮೇಳವು ಕೇಳಿಸುತ್ತಿದೆಯೆಂಬ ಅಭಿಪ್ರಾಯವನ್ನು ಅವರು ಸಭೆಯಲ್ಲಿಯೇ ಸೂಚಿಸಿದರು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ, ಏಕೆಂದರೆ 1935ರ ಕಾಯಿದೆಯ ಬಹುಭಾಗವು ಸಂವಿಧಾನದೊಳಗೆ ಸೇರಿಕೊಂಡಿತ್ತು. ಆದರೂ ಅದೇ ಸಂವಿಧಾನದ ಒಂದು ಅನುಚ್ಛೇದದ ಬಲದಿಂದ, ನಾಲ್ಕು ವರ್ಷ ತುಂಬುವ ಮೊದಲೇ, ಮೈಸೂರಿನ ಮುಖ್ಯಮಂತ್ರಿಯಾಗಿ ಬಳ್ಳಾರಿಯನ್ನು ಬರಮಾಡಿಕೊಳ್ಳುವ ಸುಯೋಗ ಅವರಿಗೆ ಲಭಿಸಿತು.

ಇನ್ನು ಅಂಗೀಕಾರದ ವಿಷಯ. 1949ರ ನವೆಂಬರ್ 26ರಂದು ಸಂವಿಧಾನವು ಒಂದೇ ಸಭೆಯಲ್ಲಿ ಅಂಗೀಕೃತವಾಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ, ಅದು ಸರಿಯೇ. ಆದರೆ ತುಂಗಭದ್ರೆಯ ಆಸುಪಾಸಿನ ಕನ್ನಡಿಗರು ಆ ಒಂದೇ ಮನೆಯನ್ನು ನಾಲ್ಕು ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸಿದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಜನ ಮದ್ರಾಸ್ ಪ್ರಾಂತದ ಪ್ರತಿನಿಧಿಗಳ ಮೂಲಕ ಬಂದರು. ಸಿರುಗುಪ್ಪದಿಂದ ಹೊಳೆ ದಾಟಿದರೆ ಸಿಗುವ ರಾಯಚೂರು ಜಿಲ್ಲೆಯ ಜನರಿಗೆ ರಚನಾಸಭೆಯಲ್ಲಿ ಪ್ರತಿನಿಧಿಯೇ ಇರಲಿಲ್ಲ, ಏಕೆಂದರೆ ಹೈದರಾಬಾದಿಗೆ ಮೀಸಲಾದ ಸ್ಥಾನಗಳು ಕೊನೆಯವರೆಗೂ ಬರಿದಾಗಿಯೇ ಉಳಿದವು; 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಅನಂತರ, 1949ರ ನವೆಂಬರ್ 23ರಂದು ನಿಜಾಮನು ಹೊರಡಿಸಿದ ಫರ್ಮಾನಿನಿಂದ ಅವರು ಸಂವಿಧಾನಕ್ಕೆ ಒಳಪಟ್ಟರು. ಮೈಸೂರಿನ ಜನ 1947ರಲ್ಲಿ ಮೈಸೂರು ಚಲೋ ಚಳವಳಿ ನಡೆಸಿ ಜವಾಬ್ದಾರಿ ಸರ್ಕಾರವನ್ನು ಪಡೆದು, ತಮ್ಮದೇ ಸಂವಿಧಾನಸಭೆಯನ್ನು ಕಟ್ಟಿಕೊಂಡಿದ್ದರು. ಆ ಸಭೆಯು ಪ್ರತ್ಯೇಕ ಸಂವಿಧಾನದ ಹಟವನ್ನು ಬಿಟ್ಟು ಭಾರತದ ಸಂವಿಧಾನವನ್ನೇ ಒಪ್ಪಿಕೊಳ್ಳಲು ತೀರ್ಮಾನಿಸಿದ ಮೇಲೆ, ಜಯಚಾಮರಾಜ ಒಡೆಯರು ನವೆಂಬರ್ 25ರಂದು ಘೋಷಣೆ ಹೊರಡಿಸಿದರು. ಇನ್ನು ಬಳ್ಳಾರಿ ಜಿಲ್ಲೆಯ ಹೊಟ್ಟೆಯೊಳಗೇ ಇದ್ದ ಸಂಡೂರು ಸಂಸ್ಥಾನವು 1949ರ ಏಪ್ರಿಲ್ 1ರಂದು ಮದ್ರಾಸಿನಲ್ಲಿ ವಿಲೀನವಾಗಿ, ಘೋರ್ಪಡೆ ದೊರೆಗಳ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಹತ್ತು ತಿಂಗಳೊಳಗೇ ಗಣರಾಜ್ಯದ ಮೂಲಶಾಸನದ ಕೆಳಗೆ ಬಂದಿತು.

ಅನುಮೋದನೆಯೆಂಬ ಕಾರ್ಯವು ನಮ್ಮಲ್ಲಿ ನಡೆಯಲೇ ಇಲ್ಲವೆನ್ನುವವರು ಸಂಸ್ಥಾನಗಳ ಈ ಘೋಷಣೆಗಳನ್ನು ಮರೆಯುತ್ತಾರೆ. ನಡೆಯಿತೆನ್ನುವವರು ಅವು ಬಹುಮಟ್ಟಿಗೆ ದೊರೆಗಳ ಘೋಷಣೆಗಳೆಂಬುದನ್ನು ಮರೆಯುತ್ತಾರೆ. ಮೈಸೂರಿನಲ್ಲಾದರೋ ಜನಪ್ರತಿನಿಧಿಗಳ ನಿರ್ಣಯವು ದೊರೆಯ ಅಂಕಿತಕ್ಕೆ ಮುಂಚೆ ಬಂದಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. 1950ರ ಜನವರಿ 24ರಂದು 284 ಸದಸ್ಯರು ಸಹಿ ಹಾಕಿದರು. ಎರಡು ದಿನಗಳ ಮೇಲೆ ಸಂವಿಧಾನವು ಪೂರ್ಣವಾಗಿ ಜಾರಿಗೆ ಬಂದಿತು.

ಆದರೆ ಕನ್ನಡಿಗರ ಪಾಲಿಗೆ ಆ ದಿನದ ಸಂತೋಷದಲ್ಲಿ ಒಂದು ಕೊರತೆಯಿತ್ತು. ಎಂಟನೆಯ ಅನುಸೂಚಿಯ ಹದಿನಾಲ್ಕು ಭಾಷೆಗಳಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಮೊದಲನೆಯ ಅನುಸೂಚಿಯ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೆಂಬ ಹೆಸರಿರಲಿಲ್ಲ. ಕನ್ನಡವಾಡುವವರು ಮದ್ರಾಸ್, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗುಗಳಲ್ಲಿ ಚದುರಿಹೋಗಿದ್ದರು. ಭಾಷಾಪ್ರಾಂತಗಳ ಪ್ರಶ್ನೆಯನ್ನು ರಚನಾಸಭೆ ಮರೆತಿತ್ತೆಂದಲ್ಲ. ಕರಡು ಸಮಿತಿಯ ಸೂಚನೆಯಂತೆಯೇ ರಾಜೇಂದ್ರ ಪ್ರಸಾದರು 1948ರ ಜೂನಿನಲ್ಲಿ ಎಸ್. ಕೆ. ಧರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿದ್ದರು. ಆಂಧ್ರ, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳ ಬೇಡಿಕೆಗಳನ್ನು ವಿಚಾರಿಸಿದ ಆ ಆಯೋಗವು ಡಿಸೆಂಬರಿನಲ್ಲಿ ನಕಾರಾತ್ಮಕವಾದ ವರದಿಯನ್ನಿತ್ತಿತು. ಜಯಪುರ ಕಾಂಗ್ರೆಸ್ಸಿನಲ್ಲಿ ನೇಮಕವಾದ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿಯು 1949ರಲ್ಲಿ ಆಂಧ್ರದ ವಿಷಯದಲ್ಲಿ ಸ್ವಲ್ಪ ಸಡಿಲಿಸಿ, ಉಳಿದವುಗಳನ್ನು ಮುಂದೂಡಿತು. ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಮುಂದೂಡುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಮುಂದೂಡಿದ ಪ್ರಶ್ನೆಯನ್ನು ಮುಂದೆ ಬಿಡಿಸುವುದಕ್ಕೆ ಒಂದು ದಾರಿಯನ್ನು ಸಂವಿಧಾನದೊಳಗೆ ಇಟ್ಟುಹೋದರಲ್ಲ, ಅದು ಅವರ ದೂರದೃಷ್ಟಿಯ ಫಲ.

ಆ ದಾರಿಯೇ ಮೂರನೆಯ ಅನುಚ್ಛೇದ. ಹೊಸ ರಾಜ್ಯವನ್ನು ರಚಿಸುವ, ಇದ್ದ ರಾಜ್ಯದ ಎಲ್ಲೆಯನ್ನು ಹಿಗ್ಗಿಸುವ, ಕುಗ್ಗಿಸುವ ಅಧಿಕಾರವನ್ನು ಅದು ಸಂಸತ್ತಿನ ಸಾಮಾನ್ಯ ಶಾಸನಕ್ಕೆ ಒಪ್ಪಿಸುತ್ತದೆ. ರಾಷ್ಟ್ರಪತಿಗಳ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯವನ್ನು ತಿಳಿಯಬೇಕು. ಆದರೆ ಅದರ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಒಂದು ಸಂಸ್ಥಾನದ ನೆಲವನ್ನು ಅದರ ಸಮ್ಮತಿಯಿಲ್ಲದೆ ಬೇರ್ಪಡಿಸಲಾಗದು; ನಮ್ಮಲ್ಲಿ ಆಗುತ್ತದೆ. ರಾಜ್ಯಗಳ ಸ್ವಾತಂತ್ರ್ಯಕ್ಕೆ ಇದರಿಂದ ಕುಂದುಂಟೆಂಬ ವಾದಕ್ಕೆ ಬಲವಿದೆ, ಈಚಿನ ವರ್ಷಗಳಲ್ಲಿ ಆ ಬಲ ಹೆಚ್ಚಿದೆಯೆಂದೂ ಹೇಳಬಹುದು. ಆದರೂ ಆ ಒಪ್ಪಿಗೆಯನ್ನು ಕಡ್ಡಾಯ ಮಾಡಿದ್ದಿದ್ದರೆ ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಗಲು ಐದು ಶಾಸಕಾಂಗಗಳ ಕೃಪೆಯನ್ನು ಕಾಯಬೇಕಾಗಿತ್ತೆಂಬುದನ್ನು ಕನ್ನಡಿಗನಾದವನು ಮರೆಯಲಾರ.

1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಪ್ರಥಮ ಮಹಾಚುನಾವಣೆಯಲ್ಲಿ ದೇಶದಲ್ಲಿ ಸುಮಾರು 17.3 ಕೋಟಿ ಮತದಾರರಿದ್ದರು. ಬಳ್ಳಾರಿ ಲೋಕಸಭಾ ಕ್ಷೇತ್ರವು ಮದ್ರಾಸ್ ರಾಜ್ಯದ್ದಾಗಿದ್ದು, ಅಲ್ಲಿಂದ ಟೇಕೂರು ಸುಬ್ರಹ್ಮಣ್ಯಂ ಆರಿಸಿ ಬಂದರು. ಮೊದಲು ಹೇಳಿದ ಕೂಲಿಯವನೂ, ಅಕ್ಷರವರಿಯದ ಹೆಂಗಸೂ ಈಗ ಪಟ್ಟಿಯಲ್ಲಿದ್ದರು. ಸಂವಿಧಾನವನ್ನು ಒಪ್ಪುವಿರಾ ಎಂದು ಅವರನ್ನು ಯಾರೂ ಕೇಳಲಿಲ್ಲವಾದರೂ, ಅದು ಕೊಟ್ಟ ಹಕ್ಕನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಮುಂದೆ ನಿಂತ ಅವರ ನಡೆಯನ್ನು ಸಮ್ಮತಿಯ ಮೊದಲ ಕಂತೆಂದು ನಾನು ಭಾವಿಸುತ್ತೇನೆ.

ಎರಡನೆಯ ಕಂತು ಹೆಚ್ಚು ಕಷ್ಟದ್ದು. ಪ್ರತ್ಯೇಕ ಆಂಧ್ರಕ್ಕಾಗಿ ಉಪವಾಸ ಹಿಡಿದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಮಡಿದರು. ನಾಲ್ಕು ದಿನಗಳಲ್ಲಿ ಆಂಧ್ರರಾಜ್ಯ ರಚನೆಯ ಘೋಷಣೆಯಾಯಿತು. ಆಗ ಎದ್ದ ಗಡಿಪ್ರಶ್ನೆಗಳಲ್ಲಿ ಬಳ್ಳಾರಿಯದೂ ಒಂದು. ಮೂರು ವರ್ಷಗಳ ಹಿಂದಷ್ಟೇ ಅಂಬೇಡ್ಕರರು ರಚನಾಸಭೆಯಲ್ಲಿ, ಸಂವಿಧಾನಬದ್ಧವಾದ ಮಾರ್ಗಗಳು ತೆರೆದಿರುವಾಗ ಸತ್ಯಾಗ್ರಹಾದಿ ಮಾರ್ಗಗಳನ್ನು ತೊರೆಯಬೇಕೆಂದು ಎಚ್ಚರಿಸಿದ್ದರು. ಆದರೆ ಮಾರ್ಗವು ತೆರೆದಿದೆಯೆಂದು ಸರ್ಕಾರವು ತೋರಿಸಿಕೊಟ್ಟದ್ದು ಒಂದು ಪ್ರಾಣವು ಹೋದ ಮೇಲೆ. ಈ ವಿಷಾದಕರ ಅನುಕ್ರಮವನ್ನು ಮರೆಮಾಚಿ ಸಂವಿಧಾನದ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

ಅಂದಿನ ಬಳ್ಳಾರಿ ಜಿಲ್ಲೆ ಮಿಶ್ರಭಾಷೆಯದು. ಕಾಂಗ್ರೆಸ್ ಸಂಸ್ಥೆಯೊಳಗೇ ಆಂಧ್ರ ಮತ್ತು ಕರ್ನಾಟಕ ಪ್ರಾಂತ ಸಮಿತಿಗಳು ಅದಕ್ಕಾಗಿ ವ್ಯಾಜ್ಯವಾಡಿ, 1921ರಲ್ಲಿ ಎನ್. ಸಿ. ಕೇಳ್ಕರರ ಮಧ್ಯಸ್ಥಿಕೆಗೆ ಹೋಗಿದ್ದವು. ಪಶ್ಚಿಮದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ನಿರ್ವಿವಾದವಾಗಿ ಕನ್ನಡದವು. ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರವು ತನ್ನವೆನ್ನುತ್ತಿತ್ತು. ನಡುವೆ ಬಳ್ಳಾರಿ ತಾಲ್ಲೂಕು. ನಗರದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬಲವಾಗಿದ್ದವು; ಒಂದೇ ಮನೆಯಲ್ಲಿ ಎರಡು ಭಾಷೆಗಳು ನಡೆಯುತ್ತಿದ್ದ, ಬಳ್ಳಾರಿ ರಾಘವರಂಥ ನಟರು ತೆಲುಗು ರಂಗಭೂಮಿಯಲ್ಲಿ ಕೀರ್ತಿ ಪಡೆದ ಊರು ಅದು. ನಗರದ ಹೊರಗೆ, ಕುರುಗೋಡಿನ ಕಡೆಯ ಹಳ್ಳಿಗಳಲ್ಲಿ, ದೊಡ್ಡಬಸವೇಶ್ವರನ ಭಕ್ತರ ನಡುವೆ, ಮಾತು ಕನ್ನಡ. ಕುರುಗೋಡು ಈಗ ಪ್ರತ್ಯೇಕ ತಾಲ್ಲೂಕಾಗಿದೆ; ಆಗ ಅದು ಬಳ್ಳಾರಿ ತಾಲ್ಲೂಕಿನ ಭಾಗ. ಹೀಗಾಗಿ ನಗರವನ್ನು ಮಾತ್ರ ನೋಡುವುದೋ, ಹಳ್ಳಿಗಳನ್ನೂ ಕೂಡಿಸಿ ತಾಲ್ಲೂಕನ್ನು ನೋಡುವುದೋ ಎಂಬುದರ ಮೇಲೆ ತೀರ್ಪಿನ ಭಾರವು ಎತ್ತ ವಾಲುವುದೆಂಬುದು ನಿಂತಿತ್ತು.

ಹೊಸ ಆಂಧ್ರರಾಜ್ಯದ ರಚನೆಯನ್ನು ಕುರಿತು ವಿಚಾರಿಸಿದ ನ್ಯಾಯಮೂರ್ತಿ ವಾಂಛೂ ಅವರು 1953ರ ಫೆಬ್ರವರಿಯಲ್ಲಿ ವರದಿ ಕೊಟ್ಟರು. ಮಾರ್ಚ್ 25ರಂದು ನೆಹರೂ ಸಂಸತ್ತಿನಲ್ಲಿ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆಂದೂ, ಬಳ್ಳಾರಿ ತಾಲ್ಲೂಕಿನ ವಿಷಯವು ಇನ್ನೂ ವಿಚಾರಣೀಯವೆಂದೂ ತಿಳಿಸಿದರು. ಆ ಒಂದು ತಾಲ್ಲೂಕಿಗಾಗಿಯೇ ಹೈದರಾಬಾದಿನ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರಾ ಅವರನ್ನು ನೇಮಿಸಲಾಯಿತು. ಒಂದು ಗಣರಾಜ್ಯವು ತನ್ನ ಒಂದೇ ಒಂದು ತಾಲ್ಲೂಕಿನ ಭವಿತವ್ಯವನ್ನು ನಿರ್ಣಯಿಸಲು ಉಚ್ಚನ್ಯಾಯಾಲಯದ ಮುಖ್ಯ ನ್ಯಾಯಾಧೀಶರನ್ನು ಕಳಿಸಿ, ಎರಡೂ ಪಕ್ಷಗಳ ವಾದವನ್ನು ಕೇಳಿಸಿತೆಂಬುದನ್ನು 1800ರ ಕರಾರಿನೊಡನೆ ಹೋಲಿಸಿ ನೋಡಬೇಕು. ಕೋ. ಚೆನ್ನಬಸಪ್ಪನವರಂಥ ತರುಣ ವಕೀಲರೂ ಲೇಖಕರೂ ಏಕೀಕರಣದ ಪಕ್ಷದಲ್ಲಿ ದುಡಿದರು. ತೆಲುಗರ ಪಕ್ಷವೂ ತನ್ನ ವಾದವನ್ನು ಸಮರ್ಥವಾಗಿಯೇ ಮಂಡಿಸಿತು. ನಗರವೂ ಸೇರಿದಂತೆ ತಾಲ್ಲೂಕು ಮೈಸೂರಿಗೆ ಸೇರತಕ್ಕದ್ದೆಂದು ಮೇ ತಿಂಗಳಲ್ಲಿ ಮಿಶ್ರಾ ವರದಿ ಹೇಳಿತು. ಮಸೂದೆಯು ಮದ್ರಾಸ್, ಮೈಸೂರು ಶಾಸಕಾಂಗಗಳ ಅಭಿಪ್ರಾಯಕ್ಕೆ ಹೋಗಿ, ಸಂಸತ್ತಿನಲ್ಲಿ ಚರ್ಚೆಯಾಗಿ, ಆಂಧ್ರರಾಜ್ಯ ಕಾಯಿದೆಯಾಗಿ ಸೆಪ್ಟೆಂಬರಿನಲ್ಲಿ ಅಂಕಿತ ಪಡೆಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳೂ ಮಲ್ಲಾಪುರ ಉಪತಾಲ್ಲೂಕೂ ಮೈಸೂರು ರಾಜ್ಯವನ್ನು ಸೇರಿದವು.

ಈ ಸೇರ್ಪಡೆಯ ಉತ್ಸವಕ್ಕೂ ರಕ್ತದ ಕಲೆ ತಗಲಿತು. ಸಮಾರಂಭದ ಸಿದ್ಧತೆಯ ಕಾವಲಿನಲ್ಲಿದ್ದ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಪ್ರಾಣ ತೆತ್ತರು. ಕರ್ನಾಟಕ ಏಕೀಕರಣದ ಹುತಾತ್ಮರಲ್ಲಿ ಅವರ ಹೆಸರನ್ನು ಬಳ್ಳಾರಿಯವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಕನ್ನಡನಾಡಿನ ಒಂದುಗೂಡುವಿಕೆಗಾಗಿ ಒಬ್ಬ ಮುಸಲ್ಮಾನ ಗೃಹಸ್ಥನು ಜೀವ ಕೊಟ್ಟನೆಂಬುದು, ಭಾಷೆಯ ಅಭಿಮಾನವು ಮತದ ಎಲ್ಲೆಯನ್ನು ಮೀರಿದ್ದಕ್ಕೆ ಸಾಕ್ಷಿ.

ಈ ವರ್ಗಾವಣೆಯಲ್ಲಿ ಸಂವಿಧಾನದ ದೃಷ್ಟಿಯಿಂದ ಕುತೂಹಲಕರವಾದ ಒಂದು ಅಂಶವಿದೆ. ಮೂಲ ಸಂವಿಧಾನವು ರಾಜ್ಯಗಳನ್ನು ವರ್ಗಗಳಾಗಿ ವಿಂಗಡಿಸಿತ್ತು. ಮದ್ರಾಸ್ ಮೊದಲನೆಯ ವರ್ಗದ್ದು, ಮೈಸೂರು ಎರಡನೆಯದು. ಅಂದರೆ ಸೆಪ್ಟೆಂಬರ್ 30ರ ರಾತ್ರಿ ರಾಜ್ಯಪಾಲರ ರಾಜ್ಯದಲ್ಲಿ ಮಲಗಿದ ಸಿರುಗುಪ್ಪದ ಪ್ರಜೆ ಮರುದಿನ ಬೆಳಿಗ್ಗೆ ರಾಜಪ್ರಮುಖರ ರಾಜ್ಯದಲ್ಲಿ ಎದ್ದನು. ನೂರೈವತ್ತು ವರ್ಷಗಳಿಂದ ಮಹಾರಾಜರನ್ನು ಕಾಣದಿದ್ದ ಸೀಮೆಗೆ ಜಯಚಾಮರಾಜ ಒಡೆಯರು ಮುಖ್ಯಸ್ಥರಾದರು. ಆ ಪ್ರಜೆಯ ಮೇಲ್ಮನವಿಯು ಮದ್ರಾಸಿನ ಉಚ್ಚನ್ಯಾಯಾಲಯದ ಬದಲು ಬೆಂಗಳೂರಿನದಕ್ಕೆ ಹೋಗತೊಡಗಿತು. ಆದರೆ ಅವನನ್ನು ಆಳುತ್ತಿದ್ದ ಮದ್ರಾಸಿನ ಕಾಯಿದೆಗಳು, ಬದಲಾಯಿಸುವವರೆಗೆ, ಬಳ್ಳಾರಿ ಸೀಮೆಯಲ್ಲಿ ಮುಂದುವರಿದವು. ದೇವದಾಸಿಯರ ಅರ್ಪಣೆಯನ್ನು ನಿಷೇಧಿಸಿದ 1947ರ ಮದ್ರಾಸ್ ಕಾಯಿದೆ ಇಂಥದೊಂದು. ಆ ದುಷ್ಟಪದ್ಧತಿ ಬಲವಾಗಿ ಬೇರೂರಿದ್ದ ಜಿಲ್ಲೆಯಲ್ಲಿ ಕಾಯಿದೆಯಿದ್ದೂ ಅದು ದಶಕಗಳ ಕಾಲ ಉಳಿಯಿತೆಂಬುದೂ, ಇಡೀ ಕರ್ನಾಟಕಕ್ಕೆ 1982ರಲ್ಲಿ ಇನ್ನೊಂದು ಶಾಸನವನ್ನು ತರಬೇಕಾಯಿತೆಂಬುದೂ, ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಅಸಮಾನತೆ ಎಂಬ ವಿರೋಧಾಭಾಸದ ಬಾಳನ್ನು ನಾವು ಪ್ರವೇಶಿಸಲಿದ್ದೇವೆಂದು ಅಂಬೇಡ್ಕರರು 1949ರ ನವೆಂಬರ್ 25ರಂದು ಆಡಿದ ಮಾತಿನ ಅರ್ಥವನ್ನು ತಿಳಿಸುತ್ತವೆ. ಬಸವಿಯಾಗಿ ಬಿಡಲ್ಪಟ್ಟ ಹುಡುಗಿಯ ಪಾಲಿಗೆ ಸಂವಿಧಾನವು ಯಾವಾಗ ಅಂಗೀಕೃತವಾಯಿತು? ಈ ಪ್ರಶ್ನೆಗೆ ಗಡಿರೇಖೆಗಳ ಚರಿತ್ರೆಯಲ್ಲಿ ಉತ್ತರವಿಲ್ಲ.

ಗಡಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಾಗ, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳೂ ಮಲ್ಲಾಪುರದ ಸ್ವಲ್ಪ ಭಾಗವೂ ಆಂಧ್ರಕ್ಕೆ ಹೋಗಬೇಕೆಂಬ ಶಿಫಾರಸನ್ನು ಕಂಡು ಕನ್ನಡಿಗರು ದಿಗ್ಭ್ರಾಂತರಾದರು. ಇಲ್ಲಿ ಭಾಷೆಯ ವಾದವನ್ನು ಹಿಂದಿಟ್ಟು, ನೀರಿನ ವಾದವನ್ನು ಮುಂದಿಡಲಾಗಿತ್ತು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟು ರಾಯಲಸೀಮೆಗೆ ಜೀವಾಧಾರವೆಂದೂ, ಅಣೆಕಟ್ಟೂ ಕಾಲುವೆಯ ಆರಂಭಭಾಗವೂ ಆಂಧ್ರದಲ್ಲಿರುವುದು ಮೇಲೆಂದೂ ಆಯೋಗ ಯೋಚಿಸಿತು. ಸಿರುಗುಪ್ಪದ ಕನ್ನಡತನವನ್ನು ಯಾರೂ ಗಂಭೀರವಾಗಿ ಪ್ರಶ್ನಿಸಿರಲಿಲ್ಲ. ಅದರ ಹೊಲಗಳ ಮೂಲಕ ಕೆಳಮಟ್ಟದ ಕಾಲುವೆ ಹರಿದು ಆದೋನಿಯ ಕಡೆಗೆ ಸಾಗುತ್ತಿತ್ತೆಂಬುದೇ ಅದರ ಅಪರಾಧವಾಯಿತು. ಆಯೋಗದ ಸದಸ್ಯರು ಘನವಿದ್ವಾಂಸರು, ನಿಷ್ಪಕ್ಷಪಾತಿಗಳು. ಆದರೂ ಈ ಒಂದು ಶಿಫಾರಸಿನಲ್ಲಿ ಅವರು ದಾರಿತಪ್ಪಿದರೆಂದೇ ನನ್ನ ನಿಶ್ಚಿತಾಭಿಪ್ರಾಯ. ನೀರು ಹರಿಯುವಲ್ಲೆಲ್ಲ ಜನರ ನಾಡನ್ನು ಬದಲಾಯಿಸುತ್ತ ಹೋದರೆ ದೇಶದ ಯಾವ ಗಡಿಯೂ ನಿಲ್ಲದು.

ಬಳ್ಳಾರಿಯಲ್ಲಿಯೂ ನಾಡಿನಾದ್ಯಂತವೂ ಪ್ರತಿಭಟನೆ ಎದ್ದಿತು. ಮೈಸೂರಿನ ಸರ್ಕಾರ ವಿರೋಧಿಸಿತು. ಕೇಂದ್ರವು ಶಿಫಾರಸನ್ನು ಕೈಬಿಟ್ಟಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಬಳ್ಳಾರಿಯು ಅದರಲ್ಲಿಯೇ ಉಳಿಯಿತು. ಅದರ ಪ್ರಥಮ ಮುಖ್ಯಮಂತ್ರಿಯಾದವರು ಹಲವಾಗಲಿನ ನಿಜಲಿಂಗಪ್ಪನವರು. ಅದೇ ವರ್ಷದ ಏಳನೆಯ ತಿದ್ದುಪಡಿಯು ರಾಜ್ಯಗಳ ವರ್ಗಭೇದವನ್ನೂ ರಾಜಪ್ರಮುಖರ ಪದವಿಯನ್ನೂ ತೊಡೆದುಹಾಕಿತು. ನೀರಿನ ವಿಷಯವಾದರೋ, ಆಂಧ್ರರಾಜ್ಯ ಕಾಯಿದೆಯ 66ನೆಯ ಪ್ರಕರಣದಡಿಯಲ್ಲಿ ಹುಟ್ಟಿದ ತುಂಗಭದ್ರಾ ಮಂಡಳಿಯು ರಾಜ್ಯಗಳ ನಡುವೆ ಹಂಚಿಕೆಯನ್ನು ನೋಡಿಕೊಳ್ಳುತ್ತ ಬಂದಿದೆ. ಮುಂದೆ ದೊಡ್ಡ ವ್ಯಾಜ್ಯಗಳೆದ್ದಾಗ ಸಂವಿಧಾನದ 262ನೆಯ ಅನುಚ್ಛೇದವನ್ನು ಅನುಸರಿಸಿದ ಶಾಸನದಂತೆ 1969ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ರಚಿತವಾಯಿತು. ಗಡಿಯನ್ನು ಸರಿಸದೆ ನೀರನ್ನು ಹಂಚಬಹುದೆಂಬುದು ಹೀಗೆ ಅನುಭವಸಿದ್ಧವಾಯಿತು.

ತೆಲುಗು ಮನೆಮಾತಿನವರು ಬಳ್ಳಾರಿಯಲ್ಲಿ ಉಳಿದರು, ಕನ್ನಡ ಮನೆಮಾತಿನವರು ಆದೋನಿ, ರಾಯದುರ್ಗಗಳಲ್ಲಿ ಉಳಿದರು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ವಿಧಿಸುವ 350 ಎ ಅನುಚ್ಛೇದವನ್ನು 1956ರ ತಿದ್ದುಪಡಿಯೇ ಸೇರಿಸಿತು. ಸೋತ ಪಕ್ಷವು ಸೋಲನ್ನು ಸಹಿಸಿಕೊಂಡು ಅದೇ ನಗರದಲ್ಲಿ ವ್ಯಾಪಾರ, ರಾಜಕೀಯ, ಕಲೆಗಳಲ್ಲಿ ಪಾಲುಗೊಳ್ಳುತ್ತ ಬಾಳಿತಲ್ಲ, ಸಂವಿಧಾನಕ್ಕೆ ದೊರೆತ ಅನುಮೋದನೆಗಳಲ್ಲಿ ಇದಕ್ಕೆ ಮೇಲ್ಮಟ್ಟದ ಸ್ಥಾನವನ್ನು ಕೊಡಬೇಕು. ಗೆದ್ದವನ ಒಪ್ಪಿಗೆಗೆ ಬೆಲೆ ಕಡಿಮೆ. ಗಡಿಯ ಆಚೆಗೆ ಉಳಿದ ಕನ್ನಡ ಶಾಲೆಗಳ ಅವಸ್ಥೆಯನ್ನು ನೋಡಿದರೆ, ಆ ಅನುಚ್ಛೇದಕ್ಕೆ ಎರಡೂ ರಾಜ್ಯಗಳು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿಯಿದೆಯೆಂದು ಹೇಳದೆ ವಿಧಿಯಿಲ್ಲ.

ಸಂವಿಧಾನದೊಡನೆ ಈ ಸೀಮೆಯ ಸಂಬಂಧ ಅಲ್ಲಿಗೇ ನಿಲ್ಲಲಿಲ್ಲ. ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸೇರಿದ 371 ಜೆ ಅನುಚ್ಛೇದವು 2013ರಲ್ಲಿ ಜಾರಿಗೆ ಬಂದು, ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ವಿಶೇಷ ಅವಕಾಶಗಳನ್ನು ಕಲ್ಪಿಸಿದಾಗ, 1800ರಲ್ಲಿಯೇ ನಿಜಾಮನ ಕೈಬಿಟ್ಟಿದ್ದ ಬಳ್ಳಾರಿಯನ್ನೂ ಆ ಪ್ರದೇಶಕ್ಕೆ ಸೇರಿಸಿಕೊಂಡಿತು; ಚರಿತ್ರೆಯ ಗಡಿಗಿಂತ ಇಂದಿನ ಹಿಂದುಳಿದಿರುವಿಕೆಯು ಶಾಸನಕ್ಕೆ ಮುಖ್ಯವೆನಿಸಿದ್ದು ಯುಕ್ತವೇ ಸರಿ. ದಾವಣಗೆರೆ ಜಿಲ್ಲೆಗೆ ಹೋಗಿದ್ದ ಹರಪನಹಳ್ಳಿಯವರು ಆ ಸೌಲಭ್ಯಕ್ಕಾಗಿ ಮನವಿ, ಧರಣಿಗಳನ್ನು ನಡೆಸಿ ಮತ್ತೆ ಬಳ್ಳಾರಿ ಜಿಲ್ಲೆಗೆ ಮರಳಿದರು. 2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕವಾದಾಗ ಅವರೂ ಹೊಸಪೇಟೆಯವರೂ ಅದಕ್ಕೆ ಸೇರಿದರು. ಸಿರುಗುಪ್ಪ, ಕುರುಗೋಡುಗಳು ಬಳ್ಳಾರಿಯೊಡನೆ ನಿಂತವು. ಆ ಅನುಚ್ಛೇದದಡಿಯ ಮೀಸಲಾತಿಯ ಅರ್ಹತಾಪತ್ರಕ್ಕಾಗಿ ಸರ್ಕಾರಿ ಕಚೇರಿಯಲ್ಲಿ ಅರ್ಜಿ ಸಲ್ಲಿಸುವ ಇಂದಿನ ವಿದ್ಯಾರ್ಥಿ, ತನ್ನ ಅಜ್ಜ ಅಜ್ಜಿಯರನ್ನು ಯಾರೂ ಕೇಳದೆ ಅಂಗೀಕರಿಸಿದ ಶಾಸನದ ಒಂದು ಅನುಚ್ಛೇದವನ್ನು ಅದರ ಸಂಖ್ಯೆಯಿಂದಲೇ ಹೆಸರಿಸಿ, ಇದು ತನ್ನ ಹಕ್ಕೆಂದು ಕೇಳುತ್ತಾನೆ.